ಮಾಮಾನ ಕೊರಳಲ್ಲಿ ನಿನ್ನ ಹೆಸರು

ಭಾಂಡುಪ್ (ಪಶ್ಚಿಮ), ಮುಂಬಯಿ
ಸೋಮವಾರ, ೩ ಫೆಬ್ರುವರಿ ೨೦೨೫

ಪ್ರೀತಿಯ ಅಕ್ಕಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೋ, ಇನ್ನೂ ಭಾವನ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದೀಯೋ? ಪುಣೆಯ ಚಳಿಗೆ ಕಿವಿ ಕಟ್ಟಿಕೋ ಎಂದು ಅವ್ವ ಹೇಳಿದ್ದಾಳೆ. ಹೇಳಿದ್ದು ನನಗಲ್ಲ, ಗ್ಯಾಸಿನ ಒಲೆಗೆ. ನಾನು ಪಕ್ಕದಲ್ಲಿದ್ದುದರಿಂದ ಕೇಳಿಸಿತು. ಧನರಾಜ ಭಾವ ಹೋಟೆಲಿನಿಂದ ದಿನಾ ಏನಾದರೂ ಕಟ್ಟಿಸಿಕೊಂಡು ಬರುತ್ತಾರಂತಲ್ಲ, ನನ್ನ ಪಾಲಿನದನ್ನೂ ನೀನೇ ತಿನ್ನು. ಇಲ್ಲಿ ಎಲ್ಲರೂ ಆರಾಮ. ಅವ್ವನಿಗೆ ಮೊಣಕಾಲು, ಅಪ್ಪನಿಗೆ ನಿನ್ನೆಯಿಂದ ಸೊಂಟ, ಕಾಂತಪ್ಪ ಮಾಮಾನಿಗೆ ಮಾನ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಡೆ ನೋವು. ನನಗೆ ಏನೂ ಇಲ್ಲ. ಮೊಬೈಲ್ ಇರುವಾಗ ಕಾಗದವೇಕೆ ಎಂದು ಕೇಳಬೇಡ. ನಾನು ಅರ್ಧ ಗಂಟೆ ಹೆಬ್ಬೆರಳು ಸವೆಸಿ ಬರೆದದ್ದಕ್ಕೆ ನೀನು ಒಂದು ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗುತ್ತೀ. ಅದೂ ಅಲ್ಲದೆ ಈ ಲಕೋಟೆಯಲ್ಲಿ ಎರಡು ವಸ್ತುಗಳಿವೆ. ಪತ್ರ ಓದಿ ಮುಗಿಯುವ ಮೊದಲು ಅವನ್ನು ತೆಗೆದು ನೋಡಿದರೆ ನೀನು ನನ್ನ ಅಕ್ಕನೇ ಅಲ್ಲ. ಅಂಥ ಘೋಷಣೆ ಮಾಡುವ ಪದ್ಧತಿ ನಮ್ಮ ಮನೆಯಲ್ಲಿದೆ ಎಂಬುದು ನಿನಗೆ ಗೊತ್ತಿದ್ದದ್ದೇ.

ಆ ಪದ್ಧತಿಯ ಸದ್ಯದ ಸ್ಥಿತಿಗತಿಯನ್ನು ಮೊದಲು ವರದಿ ಮಾಡುತ್ತೇನೆ. ನೀನು ಮೀನು ತಿನ್ನುವವರ ಮನೆ ಸೇರಿ ಹದಿನಾರು ತಿಂಗಳಾದವು. ಹದಿನಾರು ತಿಂಗಳಿಂದ ನಮ್ಮ ಪೂಜ್ಯ ಅಪ್ಪ ಶ್ರೀ ಕಾಶಪ್ಪನವರ ಬಾಯಿಂದ ನಿನ್ನ ಹೆಸರು ಬಂದಿಲ್ಲ. ಬರಬಾರದೆಂದು ಠರಾವು ಪಾಸು ಮಾಡಿಸಿದವನು ಕಾಂತಪ್ಪ ಮಾಮಾ. ಬೈಕುಲ್ಲಾದ ತನ್ನ ಬೇಳೆ ಅಂಗಡಿಯ ಪಾಲುದಾರನ ಮಗನಿಗೆ ನಿನ್ನನ್ನು ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದನಲ್ಲ, ಆ ಮಾತು ಬಿದ್ದುಹೋದ ದಿನದಿಂದ ಅವನು ನಮ್ಮ ವಂಶದ ಕಾವಲುಗಾರ. ಅವ್ವನ ತಮ್ಮ ಬಂದು ಅಪ್ಪನ ಮನೆಯ ಮರ್ಯಾದೆ ಕಾಯುವುದು ಯಾವ ನ್ಯಾಯವೋ ನನಗೆ ತಿಳಿಯದು. ಠರಾವಿನ ಮುಂದುವರಿದ ಭಾಗವಾಗಿ ಪುಣೆ ಎಂಬ ಊರೂ ಭೂಪಟದಿಂದ ಅಳಿಸಿಹೋಗಿದೆ. ಟಿವಿಯಲ್ಲಿ ಹವಾಮಾನ ಹೇಳುವಾಕೆ ಪುಣೆ ಎಂದೊಡನೆ ಅಪ್ಪ ಚಾನೆಲ್ ಬದಲಿಸುತ್ತಾನೆ. ಮಳೆಯೋ ಬಿಸಿಲೋ, ಆ ಊರಿಗೆ ಏನಾದರೂ ಆಗಲಿ, ನಮಗೆ ಸಂಬಂಧವಿಲ್ಲ. ಇಂಥ ಮನೆಯಲ್ಲಿ ನಿನಗೆ ಏಳನೇ ತಿಂಗಳು ಎಂಬುದನ್ನು ನಾನೂ ಅವ್ವನೂ ಗುಟ್ಟಾಗಿ ಇಟ್ಟುಕೊಂಡು ಓಡಾಡುತ್ತಿದ್ದೇವೆ. ಕುಬಸದ ಸೀರೆ ಉಡಿಸಿ ಉಡಿ ತುಂಬಲು ತವರಿನಿಂದ ಯಾರು ಬರುತ್ತಾರೆಂದು ನಿನ್ನ ಅತ್ತೆ ಕೇಳುತ್ತಿದ್ದಾರೆ, ಏನು ಹೇಳಲಿ ಎಂದು ನೀನು ಕೇಳಿ ಮೂರು ವಾರವಾಯಿತು. ಅವ್ವ ಹಸಿರು ಇಳಕಲ್ ಸೀರೆ ತರಿಸಿ, ಯಾರ ಕಣ್ಣಿಗೂ ಬೀಳದಿರಲಿ ಎಂದು ಜೋಳದ ಡಬ್ಬಿಯ ತಳದಲ್ಲಿ ಹುಗಿದಿಟ್ಟಿದ್ದಾಳೆ. ಆದರೆ ಹೋಗುತ್ತೀಯಾ ಎಂದರೆ, “ನಿಮ್ಮಪ್ಪಾರು ಬರಲಾರದ ನಾ ಒಬ್ಬಾಕಿ ಹ್ಯಾಂಗ ಹೋಗ್ಲೋ, ಅದು ಕುಬಸ ಆಕ್ಕೈತೇನು?” ಎಂದು ಮತ್ತೆ ಒಲೆಯ ಕಡೆ ತಿರುಗುತ್ತಾಳೆ. ನಾನು ನಿನಗೆ ಉತ್ತರ ಬರೆಯದೇ ಇದ್ದದ್ದು ಅದಕ್ಕೆ. ಸೋಮಾರಿತನ ಎಂದು ನೀನು ಬೈದುಕೊಂಡಿದ್ದರೆ ಅದೂ ಅರ್ಧ ನಿಜ.

ಈಗ ನಿನ್ನೆಯ ಘನ ಸಮಾರಂಭಕ್ಕೆ ಬರುತ್ತೇನೆ. ಅಪ್ಪನ ಕಂಪನಿಗೆ ಈ ಸಲ ಕಾರ್ಮಿಕರ ಕುಟುಂಬಗಳನ್ನು ಸುಖವಾಗಿಡುವ ಹುಮ್ಮಸ್ಸು ಬಂದು, ಘೋಡಬಂದರ್ ರಸ್ತೆಯ ಆಚೆ ಇರುವ ‘ಹರ್ಷಲೋಕ’ ಎಂಬ ಪಾರ್ಕಿಗೆ ಎಲ್ಲರನ್ನೂ ಬಸ್ಸಿನಲ್ಲಿ ತುಂಬಿ ಕಳಿಸಿತು. ಮೂವತ್ತೊಂದು ವರ್ಷ ಸ್ಟೋರಿನಲ್ಲಿ ಬೋಲ್ಟು ನಟ್ಟು ಎಣಿಸಿದವನಿಗೆ ಒಂದು ದಿನ ಜಾರುಬಂಡಿ. ಮನೆಗೆ ಕೆಂಪು ಲಾಡಿಯ ನಾಲ್ಕು ಕಾರ್ಡು ಬಂದವು. ಕಾಶಪ್ಪ, ಶರಣವ್ವ, ಗುರುಬಸವ. ನಾಲ್ಕನೆಯದರಲ್ಲಿ ದಪ್ಪ ಇಂಗ್ಲಿಷಿನಲ್ಲಿ ಶೀತಲ, ಕೆಳಗೆ ‘ಡಾಟರ್’. ಪ್ರತಿ ಏಪ್ರಿಲ್ಲಿಗೆ ಕಂಪನಿಯಿಂದ ಒಂದು ಫಾರ್ಮು ಬರುತ್ತದೆ, ಕುಟುಂಬದಲ್ಲಿ ಯಾರಾದರೂ ಕಡಿಮೆಯಾಗಿದ್ದರೆ ಹೊಡೆದುಹಾಕಿ ಎಂದು. ಹೋದ ಏಪ್ರಿಲ್ಲಿನದನ್ನು ಅಪ್ಪ ತನ್ನ ಕೈಯಾರೆ ತುಂಬಿದ್ದ. “ಗಡಿಬಿಡಿಯಾಗ ಮರ್ತಿರಬೇಕು,” ಎಂದಳು ಅವ್ವ. ಅಕ್ಕಾ, ಈ ಮನುಷ್ಯ ಕರೆಂಟ್ ಬಿಲ್ಲನ್ನು ಮೂರು ಸಲ ಓದುತ್ತಾನೆ.

ಕಾರ್ಡು ಹಾಳಾಗಬಾರದೆಂದು, ಅಂದರೆ ಪುಕ್ಕಟೆ ಊಟ ಹಾಳಾಗಬಾರದೆಂದು, ಮಾಮಾ ತಾನೂ ಬರುವುದಾಗಿ ಹೊರಟ. ಕಂಪನಿಯ ನಿಯಮದ ಪ್ರಕಾರ ಕಾರ್ಡು ಕೊರಳಲ್ಲೇ ಇರಬೇಕು. ನಾನು ಅತ್ಯಂತ ವಿನಯದಿಂದ ಅದನ್ನು ಅವನಿಗೆ ಹಾರದಂತೆ ಹಾಕಿದೆ. ಹೆಸರಿನ ಕಡೆ ಹೊರಗೆ ಬರುವಂತೆ ಹಿಂದೆ ಒಂದು ಪಿನ್ನೂ ಚುಚ್ಚಿದೆ. ಹೀಗಾಗಿ ನಿನ್ನ ಹೆಸರನ್ನು ಮನೆಯಲ್ಲಿ ಉಚ್ಚರಿಸಬಾರದೆಂದ ಮಹಾನುಭಾವ, ಆ ಮೀಸೆ, ಆ ಹೊಟ್ಟೆ, ಆ ಸಫಾರಿ ಸೂಟಿನ ಮೇಲೆ, ಬೆಳಗಿನ ಏಳರಿಂದ ನಿನ್ನ ಹೆಸರು ಹೊತ್ತು ತಿರುಗಿದ. ಬಸ್ಸಿನಲ್ಲಿ ಹಾಜರಿ ಕರೆಯುವ ಹುಡುಗಿ ಪಟ್ಟಿ ನೋಡಿ, “ಶೀತಲ್ ಕೌನ್ ಹೈ?” ಎಂದಳು. ಇಡೀ ಬಸ್ಸು ತಿರುಗಿ ನೋಡಿತು. ಮಾಮಾ ಅರ್ಧ ಎದ್ದು, “ಮೈಂ… ಮೇರೇಕೋ ಸಮಝೋ,” ಎಂದ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಹೊರಗೆ ಏನಿತ್ತೆಂದರೆ ಒಂದು ಗೋಡೆ.

ಹರ್ಷಲೋಕದ ಬಗ್ಗೆ ಹೆಚ್ಚು ಬರೆದು ಕಾಗದ ಹಾಳುಮಾಡುವುದಿಲ್ಲ. ಮುಂಬಯಿಯಲ್ಲಿ ಎಂಟೂ ಇಪ್ಪತ್ತರ ಲೋಕಲ್ಲಿನಲ್ಲಿ ದಿನಾ ಪುಕ್ಕಟೆ ಸಿಗುವ ತಳ್ಳಾಟ, ಜೋತಾಟ, ಹೊಟ್ಟೆ ತೊಳಸುವುದು, ಇವನ್ನೇ ಬಣ್ಣ ಹಚ್ಚಿ ಸಾಲಿನಲ್ಲಿ ನಿಲ್ಲಿಸಿ ಕೊಡುತ್ತಾರೆ. ಬಾಗಿಲಲ್ಲಿ ಒಂದು ಕರಡಿ. ಒಳಗಿರುವ ಮನುಷ್ಯ ಬೆವರಿ ಸಾಯುತ್ತಿದ್ದ, ಮೇಲಿನ ಮುಖ ಮಾತ್ರ ಸದಾ ನಗುತ್ತಿತ್ತು. ನಮ್ಮ ಮನೆಯದು ಇದರ ತಿರುವುಮುರುವು ಎಂದು ಆ ಹೊತ್ತಿಗೆ ನನಗೆ ಹೊಳೆದಿರಲಿಲ್ಲ. ಚೀಲ ತಪಾಸಣೆ ಮಾಡುವ ಸೆಕ್ಯುರಿಟಿಯವನು ಅವ್ವನ ಗಂಟು ಬಿಚ್ಚಿಸಿ, ಇಪ್ಪತ್ತೆರಡು ಕಟಿರೊಟ್ಟಿ, ಶೇಂಗಾ ಚಟ್ನಿ ನೋಡಿ, ಹೊರಗಿನ ಖಾನಾ ಒಳಗೆ ಬಿಡುವುದಿಲ್ಲ ಎಂದ. ಅವ್ವ ತನ್ನ ಮೂವತ್ತು ವರ್ಷದ ಹಿಂದಿಯನ್ನೆಲ್ಲ ಒಟ್ಟುಮಾಡಿ, “ಯೇ ಖಾನಾ ನಹೀ ರೇ ಬಾಬಾ, ಯೇ ರೊಟ್ಟಿ ಹೈ,” ಎಂದಳು. ಅವನು ಒಂದನ್ನು ಬಡಿದು ನೋಡಿದ. ಟಣ್ ಎಂದಿತು. ತಿನ್ನುವ ವಸ್ತುವಲ್ಲ ಎಂದು ಖಾತ್ರಿಯಾಗಿ ಬಿಟ್ಟುಬಿಟ್ಟ.

ಒಳಗೆ ಹೋದ ಮೇಲೆ ತಿರುಗುವ ಕಪ್ಪುಗಳಲ್ಲಿ ಕೂತೆವು. ಕಪ್ಪು ಎಂದರೆ ಚಹಾದ ಕಪ್ಪು. ನಮ್ಮ ಕಪ್ಪು ಮಾಮಾನ ಭಾರಕ್ಕೆ ಒಂದೇ ಕಡೆ ವಾಲಿ ಕಿರುಗುಟ್ಟುತ್ತ ಎರಡು ಸುತ್ತು ಹೆಚ್ಚಾಗಿ ತಿರುಗಿತು. ನೀರಿನ ಆಟಕ್ಕೆ ನೈಲಾನು ಚಡ್ಡಿ ಕಡ್ಡಾಯ ಎಂದಾಗ ಅಪ್ಪ, “ಈ ವಯಸ್ಸಿನಾಗ ನಾ ತೊಡಿ ತೋರಿಸಾಂವ ಅಲ್ಲ,” ಎಂದು ದಂಡೆಯ ಮೇಲೆ ಕೂತ. ಮಧ್ಯಾಹ್ನ ಊಟದ ಸಾಲು. ಕಂಪನಿಯ ಪುಲಾವಿನಲ್ಲಿ ಒಂದು ಬಟಾಣಿ ಇನ್ನೊಂದು ಬಟಾಣಿಗೆ ಕೂಗಿದರೆ ಕೇಳಿಸದಷ್ಟು ಅಂತರ. ಬಡಿಸುವವನು ಮಾಮಾನ ಕೊರಳು ನೋಡಿ, ಒಂದು ತುಣುಕೂ ನಗದೆ, “ಶೀತಲ್ ತಾಈ, ಪಾಪಡ್ ಘ್ಯಾ,” ಎಂದು ಅಕ್ಕನನ್ನು ಕರೆದಂತೆ ಕರೆದ. ಅವನು ನನ್ನ ಜಾತಿಯವನೇ, ಕಿಡಿಗೇಡಿ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದಳು. ಹದಿನಾರು ತಿಂಗಳಲ್ಲಿ ಅವ್ವನಿಗೆ ಅಂಥ ಕೆಮ್ಮು ಬಂದಿರಲಿಲ್ಲ.

ಊಟದ ಮೇಲೆ ನನ್ನ ತಲೆಗೆ ಕೆಟ್ಟ ವಿಚಾರ ಬಂತು. ಇದನ್ನು ತಪ್ಪೊಪ್ಪಿಗೆ ಎಂದು ತಿಳಿ. ಪಾರ್ಕಿನ ನಡುವೆ ಕಬ್ಬಿಣದ ಒಂದು ಗೋಪುರವಿದೆ. ನಾಲ್ಕು ಜನರನ್ನು ಬೆಂಚಿನಂಥದ್ದರಲ್ಲಿ ಕೂರಿಸಿ, ಎದೆಗೆ ಅಡ್ಡ ಕಂಬಿ ಹಾಕಿ, ನಿಧಾನವಾಗಿ ಹತ್ತು ಮಹಡಿ ಮೇಲೆತ್ತಿ, ಕ್ಷಣ ಹೊತ್ತು ನಿಲ್ಲಿಸಿ, ಕೈಬಿಟ್ಟಂತೆ ಕೆಳಗೆ ಕೆಡವುತ್ತಾರೆ. ಅದು ಕೆಡವುತ್ತದೆ ಎಂಬ ಒಂದು ಅಂಶವನ್ನು ಮಾತ್ರ ನಾನು ಹಿರಿಯರಿಗೆ ತಿಳಿಸಲಿಲ್ಲ. “ಅಪ್ಪಾ, ಇದು ಲಿಫ್ಟು. ಮ್ಯಾಲ ಹೋಗಿ ಖಾಡಿ, ಗುಡ್ಡ ಎಲ್ಲಾ ನೋಡಿ ಇಳಿಯೂದು. ವಯಸ್ಸಾದವರಿಗೇ ಮಾಡ್ಯಾರ,” ಎಂದೆ. ಮಾಮಾನ ಮೀಸೆ ಗಾಳಿಗೆ ಮೇಲೇಳುವುದನ್ನು ಕಣ್ಣಾರೆ ನೋಡಬೇಕು ಎಂಬುದಷ್ಟೇ ನನ್ನ ಉದ್ದೇಶ. ಅದಕ್ಕಿಂತ ಉದಾತ್ತವಾದದ್ದು ಏನೂ ಇರಲಿಲ್ಲ. ಅಪ್ಪ ತನ್ನ ಸ್ವಭಾವದಂತೆ ಫಲಕದ ಮೇಲಿದ್ದ ಎಚ್ಚರಿಕೆಯನ್ನೆಲ್ಲ ಬೆರಳಿಟ್ಟು ಗಟ್ಟಿಯಾಗಿ ಓದಿದ. ಹೃದಯದ ಕಾಯಿಲೆ ಇದ್ದವರು ಕೂರಬಾರದು. ಬೆನ್ನುನೋವಿದ್ದವರು ಕೂರಬಾರದು. ಗರ್ಭಿಣಿಯರು ಕೂರಬಾರದು. ಅಲ್ಲಿ ಬೆರಳು ನಿಂತಿತು. ಅದೇ ಸಾಲನ್ನು ಇನ್ನೊಮ್ಮೆ ಓದಿದ, ಈ ಸಲ ಮನಸ್ಸಿನಲ್ಲೇ. ಗುಟ್ಟು ಗೊತ್ತಾಯಿತೆಂದು ನಾನು ಗಡಬಡಿಸಿದೆ. ಗುಟ್ಟು ಎಂದರೆ ಕೆಡವುವ ಗುಟ್ಟು. “ಎಲ್ಲಾ ಲಿಫ್ಟಿಗೂ ಹಂಗs ಬರದಿರ್ತಾರಪ್ಪಾ,” ಎಂದೆ. ಅಪ್ಪ ಹೋಗಿ ಸಾಲಿನಲ್ಲಿ ನಿಂತ. ಸಾಲಿನ ಮೇಲೆ ತಗಡಿನ ಚಪ್ಪರವಿದ್ದುದರಿಂದ ಬೀಳುವವರು ಕಾಣಲಿಲ್ಲ, ಅವರ ಕಿರುಚಾಟ ಪಾರ್ಕಿನ ಉಳಿದ ಕಿರುಚಾಟದಲ್ಲಿ ಬೆರೆತುಹೋಯಿತು.

ಅವ್ವ ಬರಲಿಲ್ಲ. ನಮ್ಮೆಲ್ಲರ ಚಪ್ಪಲಿ, ಚೀಲ ಹಿಡಿದು ಕೆಳಗೆ ನಿಂತಳು. ಕೊರಳಲ್ಲಿರುವುದನ್ನೆಲ್ಲ ತೆಗೆಯಿರಿ ಎಂದ ಅಲ್ಲಿಯ ಹುಡುಗ. ಮಾಮಾ ನಿನ್ನ ಕಾರ್ಡನ್ನು ಕಿತ್ತು, ಬೇತಾಳ ಇಳಿದಷ್ಟು ಸಮಾಧಾನದಿಂದ ಅವ್ವನ ಕೈಗೆ ಕೊಟ್ಟ. ಅಪ್ಪನ ಸರದಿ ಬಂತು. ಹುಡುಗ ಅಂಗಿಯೊಳಗಿನ ದಾರ ನೋಡಿ, “ಅಂಕಲ್, ಯೇ ಭೀ,” ಎಂದ. ಅದು ಲಿಂಗದ ಕರಡಿಗೆಯ ದಾರ. ಅಕ್ಕಾ, ಅಪೆಂಡಿಕ್ಸ್ ಆಪರೇಷನ್ನಿಗೆ ಒಳಗೆ ಒಯ್ಯುವಾಗಲೂ ಅಪ್ಪ ಅದನ್ನು ಮೈಮೇಲಿಂದ ಬಿಟ್ಟಿರಲಿಲ್ಲ ಎಂಬುದು ನಿನಗೆ ನೆನಪಿರಬೇಕು, ಡಾಕ್ಟರೇ ಸೋತು ತೋಳಿಗೆ ಕಟ್ಟಿಸಿದ್ದರು. “ಜೀವ ತಗೀ ಅನ್ನು, ತಗೀತೀನಿ. ಇದನ್ನ ತಗಿಯಾಂಗಿಲ್ಲ,” ಎಂದ, ಶುದ್ಧ ವಿಜಯಪುರದ ಕನ್ನಡದಲ್ಲಿ. ಹುಡುಗನಿಗೆ ಒಂದಕ್ಷರ ತಿಳಿಯಲಿಲ್ಲ, ಅರ್ಥ ಮಾತ್ರ ಪೂರ್ತಿ ಆಯಿತು. ಹಿಂದಿನ ಸಾಲು ಕೂಗಾಡತೊಡಗಿತು. ಕೊನೆಗೆ ಸೋಲಾಪುರದ ಕಡೆಯವನಾದ ಒಬ್ಬ ಸೂಪರ್‌ವೈಸರ್ ಬಂದು ನೋಡಿ, “ಕಾಕಾ ಲಿಂಗಾಯತ ಆಹೇತ್, ರಾಹೂ ದೇ. ಕಾಕಾ, ಮುಠೀತ್ ಘಟ್ಟ ಧರಾ,” ಎಂದ. ಹೀಗೆ ನಮ್ಮ ಅಪ್ಪ ಲಿಂಗವನ್ನು ಬಲಗೈ ಮುಷ್ಟಿಯಲ್ಲಿ ಎದೆಗೊತ್ತಿ, ಕಣ್ಣು ಮುಚ್ಚಿ, ಬೆಳಗಿನ ಪೂಜೆಗೆ ಕೂತವನಂತೆ ಆ ದರಿದ್ರ ಬೆಂಚಿನ ಮೇಲೆ ಕೂತ. ಒಂದು ಪಕ್ಕಕ್ಕೆ ನಾನು, ಇನ್ನೊಂದು ಪಕ್ಕಕ್ಕೆ ಮಾಮಾ. ನಾಲ್ಕನೆಯ ಜಾಗ ಖಾಲಿ.

ಮೇಲೆ ಹೋದೆವು. ನಿಜಕ್ಕೂ ಚೆನ್ನಾಗಿತ್ತು, ಹಾಗೆ ಬರೆಯಲು ನನಗೇ ನಾಚಿಕೆ. ಖಾಡಿಗೆ ನುಗ್ಗಿದ ಸಮುದ್ರದ ನೀರು, ಉಪ್ಪಿನ ಗದ್ದೆ, ದೂರದಲ್ಲಿ ಬಿಲ್ಡಿಂಗುಗಳ ಹಲ್ಲುಸಾಲು. ಅಪ್ಪ ಕಣ್ಣು ತೆರೆದು ನೋಡಿದ. ಮಾಮಾ ಅಪ್ಪನಿಗೆ, “ಛೊಲೋ ಲಿಫ್ಟ್ ಐತಿ ಬಿಡ್ರಿ ಮಾವಾರ,” ಎಂದ. ಆ ‘ರ’ ಇನ್ನೂ ಬಾಯಲ್ಲಿರುವಾಗಲೇ ಬೆಂಚು ನಮ್ಮ ಕೆಳಗಿಂದ ಇಳಿದುಹೋಯಿತು. ಮಾಮಾ, “ಯವ್ವಾ ಸತ್ನೋ!” ಎಂದು ಒದರಿದ. ನಾನು ಒದರಿದ್ದನ್ನು ಇಲ್ಲಿ ಬರೆಯಲಾಗದು, ನೀನು ಬಸುರಿ. ಅಪ್ಪ ಏನು ಒದರಬೇಕಿತ್ತು? ನಲವತ್ತು ವರ್ಷ ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟು ಪೂಜೆ ಮಾಡಿದ ಲಿಂಗ ಮುಷ್ಟಿಯಲ್ಲೇ ಇದೆ. ಎಡವಿದರೆ ಶಿವಾ, ಸೀನಿದರೆ ಶಿವಾ, ಲೋಕಲ್ ತಪ್ಪಿದರೆ ಶಿವಾ. ಆ ಮನುಷ್ಯ ಹತ್ತು ಮಹಡಿ ಮೇಲಿಂದ ಬೀಳುವಾಗ, ಇಡೀ ಹರ್ಷಲೋಕಕ್ಕೆ ಕೇಳಿಸುವಂತೆ, “ಶೀತಲವ್ವಾ!” ಎಂದು ಒದರಿದ. ಒಂದು ಸಲ ಅಲ್ಲ. ಕೆಳಗೆ ಮುಟ್ಟುವವರೆಗೂ ಒಂದೇ ಉಸಿರಿನಲ್ಲಿ, ನೀನು ಸಣ್ಣವಳಿದ್ದಾಗ ಚಾಳಿನ ಗ್ಯಾಲರಿಯಿಂದ ಬಗ್ಗಿದಾಗ ಕೂಗುತ್ತಿದ್ದನಲ್ಲ, ಅದೇ ದನಿಯಲ್ಲಿ.

ಕೆಳಗಿಳಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಪ್ಪ ಲಿಂಗವನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟು, ಗುಂಡಿ ಹಾಕಿ, “ಸೊಂಟ ಹಿಡದೈತಿ,” ಎಂದು ಸಾರಿದ. ಅವ್ವನ ಕೈಯಿಂದ ಚಪ್ಪಲಿಗಳೆಲ್ಲ ಬಿದ್ದು ಹರಡಿದ್ದವು. ನಿನ್ನ ಕಾರ್ಡೊಂದೇ ಕೈಯಲ್ಲಿತ್ತು. “ಯಾರು ಒದರಿದ್ದು?” ಎಂದಳು. ಮಾಮಾ ಮೀಸೆ ಕೆಳಗಿಳಿಸಿಕೊಳ್ಳುತ್ತ, “ಗಾಳಿ ಸಪ್ಪಳ ಅದು, ಅಕ್ಕಾ,” ಎಂದ. “ಗಾಳಿಗೆ ನನ್ನ ಮಗಳ ಹೆಸರು ಹೆಂಗ ಗೊತ್ತಾತು?” ಎಂದಳು ಅವ್ವ. ಅಷ್ಟೇ. ಆಮೇಲೆ ಮಾಮಾ, ಕಾರ್ಡು ಇಲ್ಲದಿದ್ದರೆ ಚಹಾ ಕೊಡುವುದಿಲ್ಲ, ಕೊಡು ಎಂದು ಕೈ ಚಾಚಿದಾಗ, “ನಿನಗ ಚಹಾ ಬ್ಯಾಡ,” ಎಂದು ಅದನ್ನು ಕುಪ್ಪಸದೊಳಗೆ ಸೇರಿಸಿದಳು. ಅವ್ವ ಯಾರಿಗಾದರೂ ಚಹಾ ಬೇಡ ಎಂದದ್ದನ್ನು ನನ್ನ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೇಳಿದೆ.

ಬೀಳುವಾಗ ಆ ಗೋಪುರದವರು ಕಳ್ಳತನದಿಂದ ಫೋಟೋ ಹೊಡೆಯುತ್ತಾರೆ, ಹೊರಗೆ ಬರುವ ದಾರಿಯಲ್ಲಿ ಪರದೆಯ ಮೇಲೆ ತೋರಿಸಿ ಮಾರುತ್ತಾರೆ. ನಮ್ಮದನ್ನು ನೋಡುತ್ತ ಅಪ್ಪ ಬಹಳ ಹೊತ್ತು ನಿಂತ. ಹಿಂದೆ ಬಂದವರು ನೋಡಿ ಹೋದರು, ಅವರ ಹಿಂದಿನವರೂ ಹೋದರು. ಆಮೇಲೆ ನನ್ನ ಕಡೆ ತಿರುಗಿ, “ಒಂದು ತಗೋ. ನಿಮ್ಮ ಮಾಮಾನ ಮಾರಿ ನೋಡಾಂಗ ಐತಿ,” ಎಂದ. ಬಸ್ಸಿನಲ್ಲಿ ಬರುವಾಗ ಮಾಮಾ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತಿದ್ದ. ಹಾಜರಿ ಹುಡುಗಿ ಮತ್ತೆ, “ಶೀತಲ್?” ಎಂದಾಗ ಅವನು ಬಾಯಿ ತೆರೆಯುವ ಮೊದಲೇ ಅಪ್ಪ ಕಿಟಕಿಯಿಂದ ಮುಖ ತಿರುಗಿಸದೆ, “ಹೈ,” ಎಂದ.

ಈಗ ತೆಗೆದು ನೋಡು. ಫೋಟೋದಲ್ಲಿ ಎಡಗಡೆಯ ಮಂಗ ನಾನು. ಬಲಗಡೆ ಮೀಸೆ ಹಣೆಗೆ ಹತ್ತಿರುವುದು ವಂಶದ ಕಾವಲುಗಾರ. ನಡುವೆ ಮುಷ್ಟಿ ಎದೆಗೊತ್ತಿ ಬಾಯಿ ತೆರೆದಿರುವವನನ್ನು ನೀನು ಗುರುತಿಸುತ್ತೀ. ಕೆಂಪು ಲಾಡಿಯ ಕಾರ್ಡು ಅವ್ವ ಕೊಟ್ಟದ್ದು, “ಆಕಿದು ಆಕಿಗೇ ಕಳಿಸು,” ಎಂದು. ಕುಬಸದ ಬಗ್ಗೆ ಮಾತ್ರ ಇನ್ನೂ ಯಾರೂ ತುಟಿ ಬಿಚ್ಚಿಲ್ಲ. ಇಲ್ಲಿ ಎಲ್ಲರೂ ನಿನ್ನೆ ಏನೂ ಆಗಿಲ್ಲ ಎಂಬಂತೆ ಗಂಭೀರವಾಗಿ ಚಪಾತಿ ತಿನ್ನುತ್ತಿದ್ದಾರೆ. ಇಂಥ ಮನೆಯಲ್ಲಿ ಹುಟ್ಟಿದ್ದಕ್ಕೆ ನಿನಗೂ ನನಗೂ ಯಾರಾದರೂ ಪದಕ ಕೊಡಬೇಕು.

ಭಾವನಿಗೆ ನಮಸ್ಕಾರ, ನಿನ್ನ ಅತ್ತೆಯವರಿಗೆ ದೊಡ್ಡ ನಮಸ್ಕಾರ, ಒಳಗಿರುವ ಸಣ್ಣವರಿಗೆ ಈ ಮಾಮಾನ ಮೊದಲ ಚಿವುಟು. ನಾನು ಎಂಥ ಮಾಮಾ ಆಗಬಾರದು ಎಂಬುದನ್ನು ಮನೆಯಲ್ಲೇ ಕಲಿತಿದ್ದೇನೆ, ಚಿಂತೆ ಬೇಡ.

ನಿನ್ನ ತಮ್ಮ,
ಗುರುಬಸವ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಪ್ಪ ಬಂದು ಹಿಂದೆ ನಿಂತ. ಯಾರಿಗೆ ಬರೆಯುತ್ತಿದ್ದೀ ಎಂದ. ಕಾಲೇಜಿನ ಪ್ರಬಂಧ ಎಂದೆ. “ಹಂಗಾರ ಪ್ರಬಂಧದಾಗ ಬರಿ,” ಎಂದ. “ಏಳು ತಿಂಗಳದ ಬಸರಿ ಬಸ್ಸಿನಾಗ ಎಗರಾಡಿಕೋತ ಇಲ್ಲಿಗೆ ಬರಬ್ಯಾಡ. ಬರೂ ಆದಿತ್ಯವಾರ ಬಿಟ್ಟು ಮುಂದಿನ ಆದಿತ್ಯವಾರ ನಾವs ಬರತೀವಿ. ಆ ಮನ್ಯಾವರಿಗೆ ಅವತ್ತೊಂದಿನ ಮೀನ ತರಬ್ಯಾಡ್ರಿ ಅನ್ನು.” ಏಳು ಎಂದು ಅಪ್ಪನಿಗೆ ಯಾರು ಹೇಳಿದರು ಎಂದು ನಾನು ಬಾಯಿ ಬಿಟ್ಟುಕೊಂಡು ಕೂತಿದ್ದಾಗ, ಒಳಗೆ ಕೇಳಿಸುವಂತೆ, “ಆ ಹಸರ ಸೀರಿಗೆ ಜ್ವಾಳದ ಧೂಳ ಹತ್ತೈತಿ, ಝಾಡಿಸಿ ಇಡು ಅಂತ ನಿಮ್ಮವ್ವಗೂ ಹೇಳು,” ಎಂದು ಹೋದ. ನಾನೂ ಅವ್ವನೂ ಎಂಥ ಪೆದ್ದರೆಂದರೆ, ಪ್ರತಿ ಆದಿತ್ಯವಾರ ಜೋಳದ ಡಬ್ಬಿಯನ್ನು ಗಿರಣಿಗೆ ಹೊತ್ತು ಒಯ್ಯುವವನು ಅಪ್ಪನೇ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಎಷ್ಟು ವಾರದಿಂದ ಆ ಸೀರೆಯನ್ನು ತೆಗೆದು, ಮತ್ತೆ ಮಡಚಿ, ಹಾಗೇ ತಳಕ್ಕೆ ಇಡುತ್ತಿದ್ದನೋ! ಈಗ ಅವ್ವ ಗ್ಯಾಲರಿಯಲ್ಲಿ ನಿಂತು ಝಾಡಿಸುತ್ತಿದ್ದಾಳೆ, ಮನೆ ತುಂಬ ಧೂಳು. ನನ್ನ ಕಣ್ಣಿಗೂ ಬಿದ್ದಿದೆ. ಈ ಕೊನೆಯ ಸಾಲುಗಳು ವಾರೆಯಾಗಿರುವುದು, ಶಾಯಿ ಎರಡು ಕಡೆ ಕದಡಿರುವುದು ಅದರಿಂದಲೇ. ಬೇರೆ ಯಾವ ಕಾರಣವೂ ಇಲ್ಲವೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.